ಪೂಜೆಗೆ ಮಾತ್ರ ಇದ್ದ ಕಾರು

ನಮ್ಮ ಮನೆಯ ಕಾರಿನಷ್ಟು ಪೂಜೆ ಮಾಡಿಸಿಕೊಂಡ ಕಾರು ಇಡೀ ನ್ಯಾಮತಿಯಲ್ಲಿ ಇನ್ನೊಂದಿರಲಿಕ್ಕಿಲ್ಲ. ಹಿಂದೊಮ್ಮೆ ಬ್ಯಾಟರಿ ಕೈಕೊಟ್ಟಾಗ ನಾಳೆ ನೋಡೋಣವೆಂದು ನಿಲ್ಲಿಸಿದ್ದು, ನಿಂತೇಬಿಟ್ಟಿತ್ತು. ಆದರೂ ಪ್ರತಿ ಆಯುಧಪೂಜೆಗೆ ಮೈ ತೊಳೆದು, ವಿಭೂತಿ ಬಳಿದು, ಬಾನೆಟ್ ಎತ್ತಿ ಎಂಜಿನ್ನಿನ ಮೇಲೊಂದು ಬೊಗಸೆ ಚೆಂಡುಹೂವು ಸುರಿದು ಮುಚ್ಚುತ್ತಿದ್ದೆ. ಚಕ್ರದಡಿ ಇಟ್ಟ ನಿಂಬೆಹಣ್ಣು ಮಾತ್ರ ಅಪ್ಪಚ್ಚಿಯಾಗುತ್ತಿರಲಿಲ್ಲ. ಮರುದಿನ ಚಿತ್ರಾನ್ನಕ್ಕೆ ಬೀಳುತ್ತಿತ್ತು. ನಮ್ಮ ಜನವೇ ಹೀಗೆ. ತುಂಬಾ ಗೌರವ ಬಂತೆಂದರೆ ಕೆಲಸ ಕೊಡುವುದನ್ನು ನಿಲ್ಲಿಸುತ್ತೇವೆ. ಶಾಲು ಹೊದಿಸಿ ಮನೆಗೆ ಕಳಿಸಿದ ನಿವೃತ್ತ ಮೇಷ್ಟ್ರಾದ ನಾನು ಇದನ್ನು ಚೆನ್ನಾಗಿ ಬಲ್ಲೆ.

ಹೆಂಡತಿ ಗಿರಿಜಾ ಜಗಳೂರಿನ ಅಕ್ಕನ ಮನೆಗೆ ಹೋಗೋಣ ಎಂದಾಗಲೆಲ್ಲ ನಾನು, “ಬಸ್ಸಲ್ಲಿ ಯಾಕೆ? ಗಾಡಿ ರೆಡಿ ಮಾಡಿಸಿ ಜಮ್ಮಂತ ಹೋಗಾಣ” ಎನ್ನುತ್ತಿದ್ದೆ. ಹೀಗೆನ್ನುತ್ತಲೇ ವರ್ಷಗಳು ಉರುಳಿದವು. ಈ ಸಲ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. “ಭಾನುವಾರ ಗುಜರಿಯವ್ನು ಬರ್ತಾನೆ. ಅಷ್ಟರಾಗೆ ಇದು ಸ್ಟಾರ್ಟ್ ಆದ್ರೆ ಇದ್ರಾಗೇ ಹೋಗಾಣ. ಇಲ್ಲಾಂದ್ರೆ ಇದನ್ನ ಅವ್ನಿಗೆ ಕೊಟ್ಟು ನಾನೊಬ್ಳೇ ಬಸ್ ಹತ್ತೀನಿ.” ಜನ್ಮದಲ್ಲಿ ನಾನು ಆಸೆಪಟ್ಟು ಕೊಂಡ ದೊಡ್ಡ ವಸ್ತುವೆಂದರೆ ಆ ಕಾರೊಂದೇ.

ಸವಳಂಗದಿಂದ ಮೆಕ್ಯಾನಿಕ್ ರಫೀಕ್ ಸಾಬರನ್ನು ಕರೆಸಿದೆ. ಅವರ ಕೈಯಷ್ಟೇ ಬಾಯಿಯೂ ಜೋರು. ನಾನು ಉತ್ಸಾಹದಲ್ಲಿ ಕೀ ತಿರುಗಿಸಲು ಹೋದರೆ, “ಯಾ ಅಲ್ಲಾ, ಮುಟ್ಟಬ್ಯಾಡ್ರಿ ಸಾರ್! ವರ್ಷಗಟ್ಟಲೆ ಮಲಗಿದೋರನ್ನ ಜುಟ್ಟು ಹಿಡಿದು ಎಬ್ಬಿಸ್ತಾರೇನ್ರಿ?” ಎಂದು ಕೂಗಿಕೊಂಡರು. ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಟ್ಟು, ಎಂಜಿನ್ನನ್ನು ಮೆಲ್ಲಗೆ ಕೈಯಿಂದಲೇ ತಿರುಗಿಸಿ ನೋಡಿದರು. ಹಳೆ ಪೆಟ್ರೋಲ್ ಇಳಿಸಿ ಹೊಸದು ತುಂಬಿದರು. ಏರ್ ಫಿಲ್ಟರಿನ ಡಬ್ಬಿ ತೆರೆದವರು ನನ್ನನ್ನು ಹತ್ತಿರ ಕರೆದು ತೋರಿಸಿದರು. ಒಳಗೆ ಇಲಿಗಳು ನನ್ನ ಚೆಂಡುಹೂವನ್ನೆಲ್ಲ ಒಯ್ದು ಮೆತ್ತನೆ ಹಾಸಿಗೆ ಮಾಡಿಕೊಂಡಿದ್ದವು.

“ಪೂಜೆ ಮುಟ್ಟೋರಿಗೆ ಮುಟ್ಟೈತೆ ಬಿಡ್ರಿ ಸಾರ್,” ಎಂದರು ಸಾಬರು. ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಹೊಸ ಬ್ಯಾಟರಿ ಕೂತಿತು. ಒಂದಿಷ್ಟು ಕೆಮ್ಮಿ, ಓಣಿಯೆಲ್ಲ ಹೊಗೆ ಮಾಡಿ, ಕಾರು ಎದ್ದೇಬಿಟ್ಟಿತು! ನಾನು ಕುಣಿದದ್ದು ನಿಜ. ಈ ವಯಸ್ಸಿಗೆ ಶೋಭೆಯಲ್ಲವೆಂದೂ ಗೊತ್ತು. ಬ್ರೇಕು, ಟೈರು ಸರಿಮಾಡಿಸಿದೆ. ಭಾನುವಾರ ಬಂದ ಗುಜರಿಯವನಿಗೆ ಚಹಾ ಕುಡಿಸಿ ಕಳಿಸಿ, ಇಬ್ಬರೂ ಜಗಳೂರಿಗೆ ಹೊರಟೆವು.

ಹೊನ್ನಾಳಿಯ ಸೇತುವೆ ಮೇಲೆ ಹೊಳೆಯ ಗಾಳಿ ಮುಖಕ್ಕೆ ಬಡಿಯಿತು. ನಾನು ಬೀಗುತ್ತಾ, “ಪಾಪ, ಇಷ್ಟು ಒಳ್ಳೆ ಗಾಡೀನ ಸುಮ್ನೆ ಪೂಜೆ ಮಾಡಿ ಕೂರಿಸಿಬಿಟ್ಟಿದ್ದೆ ನೋಡು” ಎಂದೆ.

ಅವಳು ಕಿಟಕಿಯಾಚೆ ನೋಡುತ್ತಲೇ, “ನನ್ನನ್ನೂ ಹಂಗೇ ಅಲ್ವೇನ್ರಿ, ಹಬ್ಬಕ್ಕೊಂದು ಸೀರೆ ಕೊಡ್ಸಿ ಮನ್ಯಾಗೆ ಕೂರ್ಸಿದ್ದು?” ಎಂದಳು.

ದಾವಣಗೆರೆ ಬಂದ ಮೇಲಷ್ಟೇ ಕೇಳುವ ಧೈರ್ಯವಾಯಿತು: “ಜಗಳೂರಾದ ಮೇಲೆ ಎಲ್ಲಿಗೆ ಹೋಗಾಣ?”