ಸುಮಲತಾನ ಖಾಲಿ ಕ್ಯಾನು

ಸುಮಲತಾನ ಸುದ್ದಿ ಊರಾಗ ಹತ್ತು ಮಂದಿ ಹತ್ತು ಥರ ಹೇಳ್ತಾರ. ಅವರ ಬಾಯಿಗಿಷ್ಟು ಮಣ್ಣು ಹಾಕ! ಖರೇ ಸುದ್ದಿ ಗೊತ್ತಿರಾಕಿ ನಾನೊಬ್ಬಾಕಿ. ಯಾಕಂದ್ರ ಆಕಿ ಸುಖಕ್ಕ ಕಲ್ಲು ಹಾಕಿದಾಕೀನೂ ನಾನ.

ನಾನು ಕರಿಯಕ್ಕ. ಕೂಡ್ಲಿಗಿ ದಾಟಿ ಕೊಟ್ಟೂರು ದಾರಿ ಹಿಡಿದ್ರ ಎಡಕ್ಕ ಹುಲುಗಪ್ಪನ ವೆಲ್ಡಿಂಗ್ ಶಾಪು, ಅದಕ್ಕ ಹೊಂದಿ ನನ್ನ ಚಾದಂಗಡಿ. ಬೆಳಿಗ್ಗಿ ಮಂಡಕ್ಕಿ ವಗ್ಗರಣಿ, ಮಿರ್ಚಿನೂ ಮಾಡ್ತೀನಿ. ಅಂಗಡಿ ಮುಂದ ಕುಂತ್ರ ಒಂದು ದೊಡ್ಡ ಏರು ಕಾಣತೈತಿ. ಸೈಕಲ್ ಮ್ಯಾಲ ಅದನ್ನ ಹತ್ತಾಕ ಹೋದ್ರ ಎದಿ ಒಡೀತೈತಿ. ಇಳಿಯುವಾಗ ಮಾತ್ರ ತುಳಿಯೋ ಮಾತ ಇಲ್ಲ, ಸುಮ್ನ ಕುಂತ್ರ ಸಾಕು, ಗಾಳಿನ ಕರಕೊಂಡು ಬರತೈತಿ.

ಸುಮಲತಾ ಗೊಬ್ಬರದಂಗಡಿ ಕೊಟ್ರಸ್ವಾಮಿ ಹೆಂಡ್ತಿ. ತವರು ಮಾಗಳ, ತುಂಗಭದ್ರಾ ಹೊಳಿ ದಂಡಿ. ಎಂಟನೇ ಕ್ಲಾಸಿನಾಗ ಸರ್ಕಾರ ಕೊಟ್ಟ ಸೈಕಲ್ ಮ್ಯಾಲ ಕಾಲೇಜು ಮುಗಿಯೋ ತನಕ ಹಡಗಲಿಗಿ ಓಡಾಡಿದಾಕಿ. "ಅಕ್ಕ, ಹೊಳಿ ಗಾಳಿಗಿ ಎದುರು ತುಳದ್ರ ಕಣ್ಣಾಗ ನೀರು ಬರ್ತಿದ್ವು, ಬಾಯಾಗ ನಗು ಬರ್ತಿತ್ತು" ಅಂತಿದ್ಲು. ಲಗ್ನ ಆದಮ್ಯಾಲ ಆ ಸೈಕಲ್ ತಮ್ಮನ ಪಾಲಾತು.

ನಮ್ಮ ಕಡಿ ಹೆಣ್ಮಗಳು ಹೊಸ್ತಿಲ ದಾಟಿದ್ರ ಬಾಯಾಗ ಒಂದು ಉತ್ತರ ಇರಬೇಕ್ರಿ. ಎಲ್ಲಿಗಿ ಹೊಂಟೀಯವ್ವಾ ಅಂದ್ರ ಸಂತಿಗಿ ಅನಬೇಕು, ಗಿರಣಿಗಿ ಅನಬೇಕು, ದವಾಖಾನಿಗಿ ಅನಬೇಕು. ಸುಮ್ನ ಹೊಂಟೀನಿ ಅನ್ನಂಗಿಲ್ಲ.

ಸುಮಲತಾಗ ಉತ್ತರ ಕೊಟ್ಟಾಕಿ ಆಕಿ ಅತ್ತಿನ. ಅತ್ತಿ ಉಜ್ಜಿನಮ್ಮಗ ಪಾಕೀಟಿನ ಹಾಲು ಅಂದ್ರ ಆಗಂಗಿಲ್ಲ. ಏರಿನ ಆಚಿ ಉಚ್ಚಂಗೆಪ್ಪನ ಹಟ್ಟಿಯಿಂದ ಎಮ್ಮಿ ಹಾಲ ಬೇಕು. ಮನ್ಯಾಗ ನಾದಿನಿದು ಒಂದು ಹಳೀ ಲೇಡೀಸ್ ಸೈಕಲ್ ಇತ್ತು. ಅದರ ಹ್ಯಾಂಡಲ್ಲಿಗಿ ಕ್ಯಾನು ತೂಗಹಾಕ್ಕೊಂಡು ಸುಮಲತಾ ದಿನಾ ಬೆಳಿಗ್ಗಿ ಆರಕ್ಕ ಹೊಂಡ್ತಿದ್ಲು. ಹಾಲು ನೆಪ. ಆಕಿ ಜೀವ ಇದ್ದದ್ದು ಆ ಒಂದು ತಾಸಿನಾಗ. ಇಳಿಜಾರಿನಾಗ ಬರುವಾಗ ಆಕಿ ಮಾರಿ ನೋಡಬೇಕಿತ್ತು ನೀವು.

ಒಂದಿನ ಬಂದು ನನ್ನ ಅಂಗಡಿ ಮುಂದ ನಿಂತ್ಲು. ಮಾರಿ ಸಣ್ಣದಾಗಿತ್ತು. "ಕರಿಯಕ್ಕ, ಉಚ್ಚಂಗೆಪ್ಪ ಎಮ್ಮಿ ಮಾರಿ ಹರಪನಹಳ್ಳಿ ಮಗಳ ಮನಿಗಿ ಹೋಗ್ಯಾನ."

"ಹೋಗ್ಲಿ ಬಿಡವ್ವಾ. ಪಾಕೀಟು ತರಿಸ್ರಿ ಅಂತ ಮನ್ಯಾಗ ಹೇಳು."

"ಹೇಳಿದ್ರ ನಾಳಿಂದ ನಂಗ ಈ ಏರು ಎಲ್ಲಿ ಐತಿ ಅಕ್ಕ?"

ಎರಡು ಪಾಕೀಟು ಕತ್ತರಿಸಿ ಆಕಿ ಕ್ಯಾನಿಗಿ ಸುರುವಿದೆ. "ಇದ ಹಟ್ಟಿ ಹಾಲು. ನಡಿ ಮನಿಗಿ" ಅಂದೆ.

ಎಂಟು ತಿಂಗಳು ನಡೀತ್ರಿ ಈ ಆಟ! ಖಾಲಿ ಕ್ಯಾನು ಏರು ಹತ್ತೋದು, ಖಾಲಿ ಕ್ಯಾನು ಏರು ಇಳಿಯೋದು, ನನ್ನಂಗಡ್ಯಾಗ ತುಂಬೋದು. ಅತ್ತಿ ಆ ಹಾಲಿನ ಚಾ ಕುಡುದು, "ಹಟ್ಟಿ ಹಾಲಂದ್ರ ಹಟ್ಟಿ ಹಾಲು. ಪಾಕೀಟಿನ ಹಾಲಿಗಿ ಈ ರುಚಿ ಬರತೈತೇನು?" ಅಂತಿದ್ಲಂತ. ಸುಮಲತಾ ಬಂದು ಹೇಳಿದ್ರ ಇಬ್ರೂ ಹೊಟ್ಟಿ ಹಿಡಕೊಂಡು ನಗತಿದ್ವಿ.

ಅಷ್ಟ್ರಾಗ ಕೊಟ್ರಸ್ವಾಮಿಗಿ ಸಕ್ಕರಿ ಕಾಯಿಲಿ ಬಂತು. ಸೈಕಲ್ ತುಳೀರಿ ಅಂದ್ರಂತ ಡಾಕ್ಟ್ರು. ಹೊಸಪೇಟಿಗಿ ಹೋಗಿ ಗೇರ್ ಸೈಕಲ್ ತಂದ. ಊರಾಗ ಅಂಥವರದ ಒಂದು ಗುಂಪೈತಿ. ಕಾಲೇಜು ಮೇಷ್ಟ್ರು ನಾಗೇಂದ್ರಪ್ಪ ಅದಕ್ಕ ಹಿರಿಯ. ಎಲ್ಲಾರಿಗೂ ಒಂದ ಬಣ್ಣದ ಟೀ ಶರಟು. ಭಾನುವಾರ ಭಾನುವಾರ ನನ್ನಂಗಡಿ ತನಕ ಬರೋದು, ಏರಿನ ಕಡಿ ಒಮ್ಮಿ ನೋಡೋದು, ತಲಿಗಿ ಎಂಟೆಂಟು ಮಿರ್ಚಿ ತಿಂದು ಹೊಳ್ಳಿ ಹೋಗೋದು. ಎಲ್ಲಿಗಿ ಹೊಂಟೀರಿ ಅಂತ ಅವರನ್ನ ಒಬ್ಬರೂ ಕೇಳ್ಲಿಲ್ಲ. ಗಂಡಸ್ರು ಸುಮ್ನ ತಿರುಗಿದ್ರ ಆರೋಗ್ಯ ಅಂತ ನೋಡ್ರಿ!

ನಾಲ್ಕು ವಾರಕ್ಕ ಕೊಟ್ರಸ್ವಾಮಿಗಿ ಮಣಕಾಲು ನೋವು ಬಂತು. ಆಮ್ಯಾಲಿಂದ ಟೀ ಶರಟು ಹಾಕ್ಕೊಂಡು ಬೈಕಿನ ಮ್ಯಾಲ ಬಂದು ಮಿರ್ಚಿ ತಿಂತಿದ್ದ. ಗೇರ್ ಸೈಕಲ್ ಪಡಸಾಲ್ಯಾಗ ಕವರ್ ಹೊದ್ದು ನಿಂತಿತ್ತು.

ಸುಮಲತಾ ಬಾಯಾಗ ಬರೇ ಅದರ ಮಾತು. "ಗೇರ್ ಇಳಿಸಿದ್ರ ಏರು ಹತ್ತಿದ್ದ ಗೊತ್ತಾಗಂಗಿಲ್ಲಂತ ಅಕ್ಕ." ಆದ್ರ ಅದಕ್ಕ ಕ್ಯಾರಿಯರ್ ಇಲ್ಲ. ಹ್ಯಾಂಡಲ್ ತುಂಬ ವಾಯರು, ಕ್ಯಾನು ತೂಗಹಾಕಾಕ ಜಾಗಿಲ್ಲ. ಕ್ಯಾನಿಲ್ಲ ಅಂದ್ರ ಆಕಿ ಬಾಯಾಗ ಉತ್ತರ ಇಲ್ಲ.

ಆಗ ಹೇಳಿದೆ ನೋಡ್ರಿ, ನನ್ನ ನಾಲಿಗಿ ಸೇದಿ ಹೋಗ್ಲಿ! "ಶನಿವಾರ ಮನ್ಯಾಗಿಂದ ಇನ್ನೊಂದು ಕ್ಯಾನು ತಂದು ನನ್ನ ಕಡಿ ಬಿಟ್ಟು ಹೋಗು. ಭಾನುವಾರ ನಿನ್ನ ಗಂಡ ಎಂಟರ ತನಕ ಏಳಂಗಿಲ್ಲ. ಅದನ್ನ ತಗೊಂಡು ಬಾ. ಕ್ಯಾನು ನಾ ತುಂಬಿ ಇಟ್ಟಿರ್ತೀನಿ, ಮನಿಗಿ ಹೋಗುವಾಗ ಕೈಯಾಗ ಹಿಡಕೊಂಡು ಹೋಗು. ಒಂದಿನರ ಹತ್ತಿ ನೋಡು ಹುಚ್ಚಿ."

"ಯಾರರ ನೋಡಿದ್ರ?"

"ನೋಡ್ಲಿ. ಕದ್ದೀಯೇನು?"

ಭಾನುವಾರ ಬಂದ್ಲು. ಹಳೀ ಸೈಕಲ್ಲಿಗಿ ಕವರ್ ಹೊಚ್ಚಿ, ಗೇರ್ ಸೈಕಲ್ ತಗೊಂಡು ಬಂದಿದ್ಲು. ನಿಲ್ಲಲೂ ಇಲ್ಲ, ಕೈ ಬೀಸಿ ಹೋದ್ಲು. ಏರು ಹತ್ತಿ ಇಳಿದ್ಲು. "ಇನ್ನೊಮ್ಮಿ ಅಕ್ಕ!" ಅಂತ ಒದರಿ ತಿರುಗಿಸಿಕೊಂಡು ಮತ್ತ ಹತ್ತಿದ್ಲು. ಆ ಹೆಣ್ಮಗಳನ್ನ ನೋಡಿ ನಂಗ ಅಳು ಬಂತು.

ಆವತ್ತ ಗುಂಪಿನವರಿಗಿ ಹೊತ್ತು ಹುಟ್ಟೋ ಫೋಟೋ ತಗಸೋ ಹುಚ್ಚು. ಆರೂವರಿಗೇ ಬಂದ್ಬಿಟ್ರು. ಹಿಂದ ಬೈಕಿನ ಮ್ಯಾಲ ಕೊಟ್ರಸ್ವಾಮಿ. ನಾನು ಪಾಕೀಟು ಕತ್ತರಿಸಿ ಕ್ಯಾನಿಗಿ ಹಾಕಾಕ ಹತ್ತಿದ್ದೆ, ಮುಚ್ಚಾಕೂ ಆಗ್ಲಿಲ್ಲ. ನಮ್ಮ ಮಂದಿ ಸ್ಟೀಲಿನ ಸಾಮಾನಿಗೆಲ್ಲ ಹೆಸರು ಕೊರಸ್ತಾರಲ್ಲ? ನಾಗೇಂದ್ರಪ್ಪ ಕ್ಯಾನಿನ ಮ್ಯಾಲಿನ ಹೆಸರು ದೊಡ್ಡ ದನಿಯಾಗ ಓದಿದ. "ಉಜ್ಜಿನಮ್ಮ. ಏನ್ ಸ್ವಾಮಿ, ನಿಮ್ಮವ್ವನ ಕ್ಯಾನು ಇಲ್ಲ್ಯಾಕ ಐತಿ?"

ಅಷ್ಟೊತ್ತಿಗಿ ಏರಿನಿಂದ ಸುಮಲತಾ ಇಳಿದು ಬಂದ್ಲು. ಸೆರಗು ಸೊಂಟಕ್ಕ ಸಿಗಿಸಿದ್ಲು, ಕೂದಲು ಬಿಚ್ಚಿತ್ತು, ಬಾಯಿ ತುಂಬ ನಗು. ಗಂಡನ ಕಂಡಕೂಡ್ಲೆ ಬ್ರೇಕ್ ಹಿಡಿದ್ಲು.

"ಹಾಲು ಎಲ್ಲಿ?" ಅಂದ ಕೊಟ್ರಸ್ವಾಮಿ.

ಆಕಿ ಸೊಂಟದ ಸೆರಗು ಬಿಚ್ಚಿ ಹೊದ್ಕೊಂಡ್ಲು. ಗುಂಪಿನಾಗ ಯಾರೋ, "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದಂಗಾತು" ಅಂದ. ಎಲ್ಲಾರೂ ನಕ್ರು. ನಾನು ತಲಿ ತಗ್ಗಿಸಿ ಅವರಿಗಿ ಮಿರ್ಚಿ ಕರಿಯಾಕ ನಿಂತೆ. ಥೂ, ನನ್ನ ಬಾಳೇವಕ್ಕಿಷ್ಟು!

ಮನ್ಯಾಗ ಹೊಡಿಲಿಲ್ಲಂತ, ಬಡಿಲಿಲ್ಲಂತ. ಅತ್ತಿಗಿ ಮಾತ್ರ ಎಂಟು ತಿಂಗಳು ಪಾಕೀಟಿನ ಹಾಲು ಹೊಗಳಿದ್ದು ಬೆಂಕಿ ಹಚ್ಚಿತ್ತು. "ಕುಂತು ಗಂಡು ಕೆಟ್ಟ, ತಿರುಗಿ ಹೆಣ್ಣು ಕೆಟ್ಲು" ಅಂತ ವಾರಗಟ್ಲೆ ಅಂದ್ಲಂತ. ತಿಂಗಳು ಕಳದಮ್ಯಾಲ ತಾಯಿ ಮಗ ಒಂದು ದಾರಿ ಹುಡುಕಿದ್ರು. ಏರಿನ ಆಚಿ ತಮ್ಮ ಹೊಲದಾಗ ಶೆಡ್ ಹಾಕಿ ಮೂರು ಎಮ್ಮಿ ಕಟ್ಟಿದ್ರು.

ಮುಂದಿನ ಭಾನುವಾರ ಕೊಟ್ರಸ್ವಾಮಿ ಎರಡೂ ಸೈಕಲ್ ಹುಲುಗಪ್ಪನ ಶಾಪಿಗಿ ತರಿಸಿದ. ಹೆಂಡ್ತೀನೂ ಕರಕೊಂಡು ಬಂದಿದ್ದ. ಗುಂಪಿನವರು ನನ್ನಂಗಡಿ ಮುಂದ ಮಿರ್ಚಿ ಹಿಡಕೊಂಡು ನಿಂತಿದ್ರು.

"ನಾನೇನು ತುಳೀಬ್ಯಾಡ ಅನ್ನಾಕಿಲ್ಲಪ್ಪ" ಅಂದ ಎಲ್ಲಾರಿಗೂ ಕೇಳಂಗ. "ತುಳೀಲಿ. ಕೆಲಸಕ್ಕ ಬರಂಗ ತುಳೀಲಿ. ದಿನಾ ಎರಡು ಹೊತ್ತು ಹಾಲು ಹಿಂಡಕೊಂಡು ಬಂದು ಮನಿಮನಿಗಿ ಹಾಕ್ಲಿ. ಸುಮಾ, ಯಾವ ಸೈಕಲ್ ಬೇಕು? ನೀನ ಆರಿಸ್ಕೋ. ಗೇರ್ ಸೈಕಲ್ ಅಂದ್ರ ಅದಕ್ಕ ಕ್ಯಾರಿಯರ್ ಹಚ್ಚಿಸ್ತೀನಿ."

"ಏನ್ ದೊಡ್ಡ ಮನಸು ಸ್ವಾಮೀದು!" ಅಂದ ನಾಗೇಂದ್ರಪ್ಪ.

ಹುಲುಗಪ್ಪ ವೆಲ್ಡಿಂಗ್ ಕಡ್ಡಿ ಕೈಯಾಗ ಹಿಡಕೊಂಡು ನಿಂತಿದ್ದ. ಸುಮಲತಾ ಗೇರ್ ಸೈಕಲ್ಲಿನ ಸೀಟಿನ ಮ್ಯಾಲ ಒಮ್ಮಿ ಕೈ ಆಡಿಸಿದ್ಲು. ಆಮ್ಯಾಲ ಹಳೀ ಸೈಕಲ್ ಹಿಡದು ಹುಲುಗಪ್ಪನ ಮುಂದ ನಿಲ್ಲಿಸಿದ್ಲು.

"ಇದಕ್ಕ ಹಚ್ರಿ ಅಣ್ಣ. ಅದಕ್ಕ ಬೆಂಕಿ ತಾಗಿಸಬ್ಯಾಡ್ರಿ. ಅದೊಂದಾರ ಹಂಗ ಇರ್ಲಿ" ಅಂದ್ಲು.

ಈಗ ದಿನಾ ಎರಡು ಹೊತ್ತು ಬರ್ತಾಳ. ನನ್ನಂಗಡಿಗೂ ಎರಡು ಲೀಟರು ಹಾಕ್ತಾಳ. ಹಿಂದ ಆಕಿ ಕ್ಯಾನಿಗಿ ನಾ ಸುರುವತಿದ್ದೆ, ಈಗ ನನ್ನ ಬೋಗಾಣಿಗಿ ಆಕಿ ಸುರುವತಾಳ. ನನ್ನ ಮಾರಿ ನೋಡಂಗಿಲ್ಲ. ಬೈದಿದ್ರ ಆಗ್ತಿತ್ತು, ಬೈಯಂಗೂ ಇಲ್ಲ. ಎಲ್ಲಿಗಿ ಹೊಂಟೀಯವ್ವಾ ಅಂತ ಊರಾಗ ಆಕಿನ್ನ ಈಗ ಯಾರೂ ಕೇಳಂಗಿಲ್ಲ.

ಹೋಗುವಾಗ ಕ್ಯಾನು ಖಾಲಿ, ಏರು ಹತ್ತತಾಳ. ಬರುವಾಗ ಎರಡೂ ಕಡಿ ದೊಡ್ಡ ಕ್ಯಾನು, ಕುತ್ತಿಗಿ ತನಕ ಹಾಲು. ಇಳಿಜಾರಿನಾಗ ಬಿಟ್ರ ತುಳುಕತೈತಿ, ಕಡಿಮಿ ಬಂದ್ರ ಅತ್ತಿ ಕೇಳ್ತಾಳ. ಅದಕ್ಕ ಏರಿನ ತುದಿಗಿ ಬಂದು ಸೈಕಲ್ಲಿಂದ ಇಳೀತಾಳ. ಬ್ರೇಕ್ ಬಿಗಿ ಹಿಡಕೊಂಡು, ಒಂದೊಂದ ಹೆಜ್ಜಿ ಇಟ್ಕೋತ, ನಡಕೊಂಡು ಕೆಳಗ ಬರ್ತಾಳ.