ಅಮ್ಮ ಕತ್ತರಿಸಿದ ಜರಿ

ಇವತ್ತು ಮೊಮ್ಮಗಳ ಫ್ರಾಕಿಗೆ ಜರಿ ಹೊಲಿಯುತ್ತ ಕೂತಿದ್ದೆ. ಹಳೇ ರೇಷ್ಮೆಗೆ ಅಂಟಿದ್ದ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ತಂಪಾನೂರಿನ ನಮ್ಮ ಬಾಡಿಗೆ ಮನೆ ಕಣ್ಣೆದುರು ಬಂತು.

ಅಪ್ಪನಿಗೆ ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಗಿತ್ತು. ತಮ್ಮ ಪುಟ್ಟು ಅಲ್ಲೇ ಹುಟ್ಟಿದವನು. ಕನ್ನಡದಲ್ಲಿ ಮಾತಾಡಿಸಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದ. ಅವನಿಗೆ ರಾಜನ ಆಟದ ಹುಚ್ಚೆಂದು ಅಮ್ಮ ದೊಡ್ಡ ಬಿಸ್ಕತ್ತಿನ ಡಬ್ಬವನ್ನು ವೇಷದ ಪೆಟ್ಟಿಗೆ ಮಾಡಿದಳು. ಅಪ್ಪನ ಹಳೇ ಟೈ, ಚಾಲೈ ಪೇಟೆಯ ಮಣಿಸರ, ರಟ್ಟಿನ ಕತ್ತಿ ಎಲ್ಲ ಅದರೊಳಗೆ ಸೇರಿದವು. ಕೊನೆಗೆ ತನ್ನ ಧಾರೆ ಸೀರೆಯ ಜರಿಯನ್ನೇ ಕತ್ತರಿಸಿದಳು. ಅದೇ ಸೀರೆಯಲ್ಲಿ ನನಗೆ ಲಂಗ ಹೊಲಿಸುತ್ತೇನೆ ಎಂದಿದ್ದಳು. ನನಗೆ ಹೊಟ್ಟೆ ಉರಿಯಿತು.

"ಬಾರೋ ಪುಟ್ಟು, ತಲೆಗೆ ಪಟ್ಟಿ ಕಟ್ತೀನಿ," ಎಂದಳು ಅಮ್ಮ, ಆ ಜರಿ ಹಿಡಿದು.

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಪುಟ್ಟು ಗಾಬರಿಯಿಂದ ನನ್ನ ಮುಖ ನೋಡಿದ. ನಾನು ಅವನ ಕಿವಿಯಲ್ಲಿ ಉಸುರಿದೆ: "ಹೂಂ ಕಣೋ, ನಿಂಗೆ ನಾಯಿ ವೇಷ."

"ಎನಿಕ್ಕ್ ಪಟ್ಟಿ ವೇಂಡ!" ನನಗೆ ನಾಯಿ ಬೇಡ ಎಂದು ಅರಚಿ, ಡಬ್ಬ ಒದ್ದು ಓಡಿದ.

ವೇಂಡ ಎಂದರೆ ಬೇಡ ಎನ್ನುವಷ್ಟು ಮಲಯಾಳ ಅಮ್ಮನಿಗೂ ಬರುತ್ತಿತ್ತು. ಪಟ್ಟಿ ಮಾತ್ರ ಅವಳಿಗೆ ಪಟ್ಟಿಯೇ. "ನಾನು ಮಾಡಿದ್ದು ಮಗೂಗೆ ಹಿಡಿಸಲಿಲ್ಲ," ಎಂದು ಜರಿಯನ್ನು ಸುತ್ತಿಟ್ಟಳು. ಡಬ್ಬಕ್ಕೆ ಅಕ್ಕಿ ತುಂಬಿದಳು. ಅಲ್ಲಿದ್ದ ಮೂವರಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲವಳು ನಾನೊಬ್ಬಳೇ. ಬಾಯಿ ಬಿಡಲಿಲ್ಲ, ಅಮ್ಮ ತೀರಿಕೊಳ್ಳುವವರೆಗೂ ಬಿಡಲಿಲ್ಲ.

ಇವತ್ತು ಹೊಲಿಯುತ್ತಿದ್ದದ್ದು ಅದೇ ಜರಿ. "ಇದೇನಜ್ಜಿ?" ಎಂದಳು ಮೊಮ್ಮಗಳು.

"ಬಾರ್ಡರ್," ಎಂದೆ. ಪಟ್ಟಿ ಎನ್ನಲು ನಾಲಿಗೆ ಏಳಲಿಲ್ಲ.