ಪುಣೆಗೆ ಫೋನ್ ಮಾಡುತ್ತಿದ್ದ ವನಜಕ್ಕ

ಫೋನಿನಲ್ಲಿ ಮಾತಾಡುವಾಗ ವನಜಕ್ಕ ಕೂತದ್ದನ್ನು ನಾನು ಕಂಡಿಲ್ಲ. ಎದ್ದು ನಿಂತು, ಒಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಕುಂದಾಪುರದ ನಮ್ಮ ಸಣ್ಣ ಆಫೀಸಿಗೆಲ್ಲ ಕೇಳುವಂತೆ ಪುಣೆಯವರೊಡನೆ ಮುಂಬೈ ಹಿಂದಿಯಲ್ಲಿ ಮಾತಾಡುತ್ತಿದ್ದರು. ಗಂಗೊಳ್ಳಿಯ ಮೀನುಗಾರರ ಮನೆಯವರು. ಓದಿದ್ದು ಮುಂಬೈಯಲ್ಲಿ, ಮಾವನ ಮನೆಯಲ್ಲಿದ್ದುಕೊಂಡು.

ನಾವು ಆರು ಜನ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ರೋಗಿಯ ವಿವರ ತುಂಬುವ ಭಾಗ ನಮ್ಮದು, ಔಷಧಿಯ ಪ್ರಮಾಣ ಲೆಕ್ಕ ಹಾಕುವ ಭಾಗ ಪುಣೆ ಆಫೀಸಿನವರದು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅಲ್ಲಿಂದ ಏನೇ ಬದಲಾವಣೆ ಬರಲಿ, ಯಾಕೆಂದು ಕೇಳಿ ಬರೆಸಿಕೊಳ್ಳದೆ ವನಜಕ್ಕ ಬಿಡುತ್ತಿರಲಿಲ್ಲ. ನಾವು ಬೇಸರಪಟ್ಟರೆ, "ಗಾಳಿ ಬತ್ತ್ ಅಂದ್ರೆ ಸಾಕಾ? ಯಾವ ಬದಿಂದ ಅಂತ ಹೇಳ್ಕಲ್ದಾ?" ಎನ್ನುತ್ತಿದ್ದರು.

ಹಸುಗೂಸುಗಳ ತೂಕ ಕಿಲೋ ಬದಲು ಗ್ರಾಂನಲ್ಲಿ ಬೇಕೆಂದು ಬ್ರಹ್ಮಾವರದ ಕಡೆಯ ಆಸ್ಪತ್ರೆಯೊಂದರ ನರ್ಸ್ ಕೇಳಿದ್ದರು. ಹಾಗೆ ಮಾಡಿಕೊಟ್ಟವನು ನಾನು. ಪುಣೆಗೆ ಬರೆದದ್ದು 'ತೂಕ ತುಂಬುವ ಜಾಗದಲ್ಲಿ ಬದಲಾವಣೆ ಆಗಿದೆ' ಎಂಬ ಒಂದೇ ಸಾಲು. ಎರಡು ದಿನ ರಜೆಯಲ್ಲಿದ್ದ ವನಜಕ್ಕ ಬಂದವರೇ ಆ ಸಾಲು ಓದಿ, ಬದಲಾದದ್ದೇನು ಎಂದು ಕೇಳಿದರು. ಹೇಳಿದೆ. ಅವರು ಕೂಡಲೇ ಪುಣೆಗೆ ಫೋನ್ ಹಚ್ಚಿದರೆ, ಅಲ್ಲಿಯವರು ಇನ್ನೂ ಕಿಲೋ ಎಂದೇ ಲೆಕ್ಕ ಹಾಕುತ್ತಿದ್ದರು; ಔಷಧಿಯ ಪ್ರಮಾಣ ಸಾವಿರ ಪಟ್ಟು ಬರುತ್ತಿತ್ತು. ಎರಡೂ ಭಾಗ ಸೇರಿಸಿ ಬೆಳಿಗ್ಗೆಯೇ ಆಸ್ಪತ್ರೆಗೆ ಕಳಿಸಿಯೂ ಆಗಿತ್ತು.

ಆಸ್ಪತ್ರೆಯ ಫೋನ್ ಎಂಗೇಜ್. ವನಜಕ್ಕ ಮತ್ತೆ ಮತ್ತೆ ನಂಬರ್ ಒತ್ತಿದರು. ಇಪ್ಪತ್ತು ನಿಮಿಷದ ಮೇಲೆ ಅದೇ ನರ್ಸ್ ಸಿಕ್ಕಿದರು. ಒಂದು ಮಗುವಿನ ತೂಕ ತುಂಬಿಸಿದ್ದರಂತೆ. ಬಂದ ಅಂಕಿ ನೋಡಿ ಅನುಮಾನವಾಗಿ, ಡಾಕ್ಟರಿಗಾಗಿ ಕಾದು ಕೂತಿದ್ದರಂತೆ. ಔಷಧಿ ಕೊಟ್ಟಿರಲಿಲ್ಲ.

ಯಾರ ತಪ್ಪೆಂದು ಪುಣೆಯವರು ಕೇಳಿದಾಗ ವನಜಕ್ಕ ನಮ್ಮ ಆಫೀಸಿನದು ಎಂದರು, ನನ್ನ ಹೆಸರೆತ್ತಲಿಲ್ಲ. ವಿವರ ಬರೆಯಲು ಮರೆತೆ ಎಂದು ನಾನು ವನಜಕ್ಕನಿಗೆ ಹೇಳಿದೆ.

ಆಫೀಸು ಮುಚ್ಚಿ ಕೆಲವು ವರ್ಷಗಳಾದ ಮೇಲೆ ವನಜಕ್ಕ ಬೈಂದೂರು ರೈಲು ಸ್ಟೇಷನ್ನಿನಲ್ಲಿ ಸಿಕ್ಕಿದರು. ಚಿಕಿತ್ಸೆಗೆಂದು ಮುಂಬೈಗೆ ಹೊರಟಿದ್ದರು, ತುಂಬ ಸೊರಗಿದ್ದರು. ಯಾಕೋ ಆಗ ಹೇಳಿಬಿಟ್ಟೆ: ಮರೆತದ್ದಲ್ಲ. ಪುಣೆಯವನೊಬ್ಬ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡದೆ ತಿಂಗಳಿಡೀ ಸತಾಯಿಸಿದ್ದ. ಅವನೂ ಸ್ವಲ್ಪ ಹುಡುಕಲಿ ಎಂದು ಬೇಕೆಂದೇ ಬರೆದಿರಲಿಲ್ಲ.

"ನಂಗೆ ಅವತ್ತೇ ಗೊತ್ತಾಯ್ತ್," ಎಂದರು. "ನೀನಾಗಿ ಹೇಳ್ತೆ ಅಂದೇಳಿ ಕಾದೆ." ರೈಲು ಹತ್ತಿದ ಮೇಲೆ ತಿರುಗಿ, "ಆ ನರ್ಸಿನ್ ಹತ್ರ ಹೇಳಿದ್ಯಾ?" ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ.

ಅದೇ ವಾರ ನರ್ಸಿನ ಮನೆ ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಕುಡಿಯಲು ಬೆಲ್ಲ ನೀರು ಕೊಟ್ಟರು. ಹೋಗಿ ಹೇಳಿದ್ದನ್ನು ವನಜಕ್ಕನಿಗೆ ತಿಳಿಸಬೇಕಿತ್ತು. ಊರಿಗೆ ಬಂದ ಮೇಲೆ ಎದುರೇ ಹೇಳೋಣ ಎಂದುಕೊಂಡೆ. ಅವರು ಬರಲಿಲ್ಲ.